ಎರಡು ಹಡಗಿನ ಸ್ಯಾಂಪಲ್ಲು

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಎದುರು ಟ್ರಾವೆಲ್ಸ್ ಇಟ್ಟುಕೊಂಡು ಕೂತವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ತೊಂಬತ್ತರ ದಶಕದಲ್ಲಿ ಒಬ್ಬರೇ ಗಿರಾಕಿ ಒಂದು ಬುಕಿಂಗಿಗಾಗಿ ನಾಲ್ಕು ಸಲ ಬಂದರು. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರು. ಸಣ್ಣ ಮಗಳ ಮದುವೆ ಮುಗಿದ ಮೇಲೆ ಹೆಂಡತಿಯನ್ನು ಸಿಂಗಾಪುರಕ್ಕೆ ಒಯ್ದು ದೊಡ್ಡ ಹಡಗು ಹತ್ತಿಸುತ್ತೇನೆಂದು ಬೀಗರ ಎದುರೇ ಮಾತು ಕೊಟ್ಟಿದ್ದರು. ಮದುವೆ ಮುಗಿದಿತ್ತು. ತೊಂದರೆ ಇಷ್ಟೇ: ಹರಿಹರದ ಹೊಳೆ ಬಂದರೆ ರೈಲಿನಲ್ಲೇ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ ಅವರು.

೧. ಬಣ್ಣ

ಮುಂಬಯಿಯಿಂದ ಎರಡು ಹಡಗುಗಳ ಚಿತ್ರದ ಪುಸ್ತಕಗಳನ್ನು ತರಿಸಿದ್ದೆ, ಹಡಗಿಗೊಂದು. ಸಾಹುಕಾರರು ಎರಡನ್ನೂ ಬಾಗಿಲ ಬೆಳಕಿಗೆ ಒಯ್ದು, ಹಾಳೆ ತಿಕ್ಕಿ, ಮೂಸಿ ನೋಡಿ, ಒಂದನ್ನು ಎತ್ತಿ ಹಿಡಿದರು.

"ಇದಕ್ಕ ಬಣ್ಣ ಭಾಳ ಐತಿ. ಬಣ್ಣ ಇದ್ದದ್ದು ಖಾರ ಇರೂದಿಲ್ಲ."

"ಸಾಹುಕಾರ್ರ, ಅದು ಹಡಗ್ರಿ."

"ಇರ್ಲಿ. ಎರಡರದೂ ಸ್ಯಾಂಪಲ್ ತರಸ್ರಿ. ಕೈಯಾಗ ಹಿಡದು ನೋಡದ ನಾ ಮಾಲು ಎತ್ತೂದಿಲ್ಲ."

ಹನ್ನೊಂದು ಅಂತಸ್ತಿನ ಹಡಗಿನ ಸ್ಯಾಂಪಲ್ ಕೇಳಿ ಪತ್ರ ಬರೆಯುವುದು ಹೇಗೆಂದು ನನಗೆ ಹೊಳೆಯಲಿಲ್ಲ.

೨. ಸಣ್ಣಕ್ಷರ

ಪುಸ್ತಕಗಳ ಹಿಂದೆ ಸಣ್ಣಕ್ಷರದಲ್ಲಿ ಷರತ್ತುಗಳಿದ್ದವು. ಅವನ್ನು ಹಾವೇರಿಯ ತಮ್ಮ ವಕೀಲರಿಗೆ ತೋರಿಸಲೇಬೇಕೆಂದು ಒಯ್ದರು. ಎಂಟು ದಿನಕ್ಕೆ ಮುಖ ಅರಳಿಸಿಕೊಂಡು ವಾಪಸ್ ಬಂದರು.

"ಎರಡೂ ಬ್ಯಾಡ ಅಂದಾರ್ರಿ ವಕೀಲ್ರು. ಹಡಗ ಮುಳುಗಿದ್ರ ದಾವಾ ಸಿಂಗಾಪುರದಾಗ ಹಾಕಬೇಕಂತ."

"ಬ್ಯಾರೆ ದಾರಿ ಇಲ್ಲೇನ್ರಿ?"

"ಐತಿ. ಮುಳಗೂದಾದ್ರ ಹಾವೇರಿ ಕೋರ್ಟಿನ ಹದ್ದಿನ್ಯಾಗ ಮುಳಗಬೇಕು ಅಂತ ಬರಸ್ಕೊಳ್ರಿ ಅಂದ್ರು."

೩. ಮಾಳಿಗೆ ಮೇಲಿನ ನೀರು

ಮೂರನೆಯ ಸಲ ಹೆಂಡತಿಯೂ ಬಂದರು. ಹಳೆಯ ಕ್ಯಾಲೆಂಡರಿನ ಹಡಗಿನ ಚಿತ್ರವೊಂದನ್ನು ಒಲೆಯ ಎದುರಿನ ಗೋಡೆಗೆ ಅಂಟಿಸಿಕೊಂಡು ಹನ್ನೆರಡು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಾರಂತೆ. ಕೇಳಿ ನನಗೆ ಪಾಪ ಅನಿಸಿತು.

ಸಾಹುಕಾರರು ಚಿತ್ರದ ಮೇಲೆ ಬೆರಳಿಟ್ಟರು. "ಸುತ್ತ ಅಷ್ಟು ನೀರೈತಿ. ಮತ್ತ ಮಾಳಗಿ ಮ್ಯಾಲ ಯಾಕ ನೀರು ನಿಂತೈತಿ?"

"ಈಜೂ ಹೊಂಡ್ರಿ ಅದು. ಒಂದು ಹಡಗಿನ್ಯಾಗ ಒಂದು, ಇನ್ನೊಂದರಾಗ ಎರಡು."

"ಅಂದ್ರ ಒಂದು ಸೋರತೈತಿ, ಇನ್ನೊಂದು ಭಾಳ ಸೋರತೈತಿ."

ಹೆಂಡತಿ ನನ್ನ ಕಡೆ ತಿರುಗಿ ಹೇಳಿದರು: "ನಮ್ಮ ಮನಿ ಮಾಳಗಿ ಮೂರು ಮಳಿಗಾಲ ಸೋರಿತ್ರಿ. ಅದು ಇವರಿಗೆ ಕಾಣಲಿಲ್ಲ."

೪. ಚೀಟಿ

ಬುಕಿಂಗಿಗೆ ಶನಿವಾರ ಕೊನೆಯ ದಿನ ಎಂದು ಮುಂಬಯಿಯಿಂದ ಫೋನ್ ಬಂತು. ಶನಿವಾರ ಇಬ್ಬರೂ ಬಂದರು. "ನಮ್ಮ ಮಾರ್ಕೆಟ್ಟಿನಾಗ ಮಾಡಿದಂಗ ಮಾಡೂಣು" ಎಂದರು ಸಾಹುಕಾರರು. ಬ್ಯಾಡಗಿಯಲ್ಲಿ ವ್ಯಾಪಾರಿಗಳು ತಮ್ಮ ತಮ್ಮ ದರವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಡಬ್ಬಿಗೆ ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಗಂಡ ಹೆಂಡತಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಬರೆದರು. ನಾನು ಓದಿದೆ.

ಸಾಹುಕಾರರದು: "ಎರಡೂ ಬ್ಯಾಡ."

ಹೆಂಡತಿಯದು: "ಯಾವುದಾದರೂ ನಡೀತೈತಿ. ಇವರು ಬರದಿದ್ದರ ನಮ್ಮಕ್ಕ ಬರ್ತಾಳ. ಟ್ರಂಕ್ ಸಮೇತ ಹೊರಗ ಆಟೋದಾಗ ಕುಂತಾಳ."

ಸಾಹುಕಾರರು ಹೊರಗೆ ಇಣುಕಿದರು. ಅಕ್ಕ ಖರೇನೇ ಕೂತಿದ್ದರು.

"ಹೆಚ್ಚು ಬರದವರಿಗೆ ಮಾಲಲ್ರಿ? ನಿಮ್ಮ ಮನಿಯವ್ರು ಮೂರು ಸಾಲು ಬರದಾರ" ಎಂದೆ ನಾನು.

ಸಾಹುಕಾರರು ಇನ್ನೊಮ್ಮೆ ಆಟೋ ಕಡೆ ನೋಡಿ, "ಬಣ್ಣ ಇದ್ದದ್ದ ಮಾಡ್ರಿ" ಎಂದರು.

ಪ್ರವಾಸ ಮುಗಿಸಿ ಬಂದ ವಾರದಲ್ಲಿ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಹಡಗು ಹೆಂಗಿತ್ರಿ ಎಂದು ಕೇಳಿದೆ.

"ಚಲೋ ಇತ್ತು" ಎಂದರು ಸಾಹುಕಾರರು. "ನಾ ಹೇಳಿದಂಗ ಖಾರ ಇದ್ದಿಲ್ಲ."

ಹೆಂಡತಿ ಕೈಚೀಲದಿಂದ ಎರಡನೇ ಹಡಗಿನ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಎರಡರದೂ ಸ್ಯಾಂಪಲ್ ನೋಡಬೇಕು ಅಂದಿದ್ರಲ್ರಿ ಇವರು. ಒಂದು ಆತು."