ನಿಂತ ಬಸ್ಸಿನ ಪ್ರಯಾಣ

ಮಕ್ಕಳಿಗೆ ಆಟದಲ್ಲೇ ಪಾಠ ಕಲಿಸಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ಹಾಗೆ ಕಲಿಸಿದರೆ ಶಾಲೆಯಲ್ಲಿ ಬೈಯುತ್ತಾರೆ. ಹೆತ್ತೂರು ಕಡೆ ಮೇಷ್ಟ್ರಾಗಿದ್ದಷ್ಟು ಕಾಲವೂ ನನ್ನ ಹಣೆಬರಹ ಇದೇ.

ತಿರುವು

ಬೆಂಚುಗಳನ್ನು ಸಾಲಾಗಿ ಜೋಡಿಸಿ ನಾಲ್ಕನೇ ಕ್ಲಾಸನ್ನೇ ಸಕಲೇಶಪುರದ ಬಸ್ಸು ಮಾಡಿದ್ದೆ. ಕಂಡಕ್ಟರ್ ಒಬ್ಬಳು ಗಟ್ಟಿ ಗಂಟಲಿನ ಹುಡುಗಿ. ಪ್ರತಿ ಸ್ಟಾಪಿನಲ್ಲೂ ಅವಳು ಒಬ್ಬರಿಗೆ ಪ್ರಶ್ನೆ ಕೇಳಬೇಕು. ಉತ್ತರ ಸರಿಯಾದರೆ "ರೈಟ್", ಬಸ್ಸು ಮುಂದಕ್ಕೆ. ತಪ್ಪಾದರೆ "ಹೋಲ್ಡಾನ್", ಎಲ್ಲರೂ ಸೇರಿ ಸರಿಯುತ್ತರ ಹುಡುಕುವ ತನಕ ಬಸ್ಸು ಅಲ್ಲೇ. ತಿರುವು ಬಂತು ಅಂದರೆ ಮಕ್ಕಳೆಲ್ಲ ಒಂದೇ ಕಡೆ ವಾಲುತ್ತಿದ್ದರು. ಮೊದಲ ದಿನವೇ ಕಿಟಕಿ ಪಕ್ಕದವಳು ವಾಂತಿ ಮಾಡಿಕೊಂಡಳು.

ಹೆಡ್ ಮೇಷ್ಟ್ರು ಓಡಿ ಬಂದರು. "ಅಲ್ಲ ಕಣ್ರೀ, ನಿಂತಿರೋ ಬೆಂಚಿನ ಮೇಲೆ ವಾಂತಿ ಮಾಡೋದನ್ನೂ ಕಲಿಸ್ತೀರೇನ್ರೀ?"

ಮಗು ಅಷ್ಟು ತನ್ಮಯವಾಗಿ ಕಲಿತದ್ದಕ್ಕೆ ನನಗೆ ಸಿಕ್ಕ ಬಹುಮಾನ ಒಂದು ಬಕೆಟ್ ನೀರು, ಒಂದು ಪೊರಕೆ.

ಸೊನ್ನೆ

ಆಟದಿಂದ ಏನು ಕಲಿತರೋ ನೋಡೇಬಿಡೋಣ ಅಂತ ಹೆಡ್ ಮೇಷ್ಟ್ರೇ ಪರೀಕ್ಷೆ ಇಟ್ಟರು. "ಎಂಟು ಗಂಟೆಗೆ ಹೊರಟ ಬಸ್ಸಿಗೆ ಒಂದೂವರೆ ಗಂಟೆಯ ದಾರಿ. ಸಕಲೇಶಪುರ ಮುಟ್ಟುವುದು ಯಾವಾಗ?"

ಒಬ್ಬ ಬರೆದ: "ಮರ ಬೀಳದಿದ್ದರೆ ಒಂಬತ್ತೂವರೆಗೆ."

ಸೊನ್ನೆ ಸುತ್ತಿದರು! ಯಾಕೆ ಅಂದರೆ, "ಪ್ರಶ್ನೇಲಿ ಮರ ಇಲ್ಲ" ಅಂದರು. ನನ್ನ ಮೈ ಉರಿದುಹೋಯಿತು. ಹಿಂದಿನ ವಾರ ಇದೇ ಮಹಾಶಯರು ಮಧ್ಯಾಹ್ನ ಶಾಲೆಗೆ ಬಂದು, "ದಾರೀಲಿ ಮರ ಬಿದ್ದಿತ್ತು" ಅಂದಿದ್ದರು.

ಹೋಲ್ಡಾನ್

ಅಷ್ಟಕ್ಕೂ ಸಮಾಧಾನವಾಗದೆ ಹೆಡ್ ಮೇಷ್ಟ್ರು ದೂರು ಹೇಳಿ ಶಾಲಾ ಇನ್ಸ್‌ಪೆಕ್ಟರನ್ನೇ ಕರೆಸಿದರು. ನನ್ನ ಬಸ್ಸು ಇರಬೇಕೋ ಬೇಡವೋ, ಅವರೇ ತೀರ್ಮಾನಿಸಬೇಕು. ಅವರು ಹಿಂದಿನ ಬೆಂಚಿನಲ್ಲಿ ಕೂತದ್ದೇ ತಡ, ಕಂಡಕ್ಟರ್ ಹುಡುಗಿ ನೇರ ಅವರ ಮುಂದೆ ನಿಂತಳು.

"ನಮ್ಮ ಹೇಮಾವತಿ ನೀರು ಕೊನೆಗೆ ಯಾವ ಸಮುದ್ರಕ್ಕೆ ಹೋಯ್ತದೆ ಸಾ?"

"ಅರಬ್ಬಿ ಸಮುದ್ರಕ್ಕೆ."

"ಹೋಲ್ಡಾನ್!" ಇಡೀ ಬಸ್ಸು ಕೂಗಿತು.

ಹೆಡ್ ಮೇಷ್ಟ್ರು ಬೆವತುಹೋಗಿ, "ಹೋಗ್ಲಿ ಬಿಡಮ್ಮ, ರೈಟ್ ರೈಟ್" ಅಂದರು.

"ಅದೆಂಗಾಯ್ತದೆ ಸಾ? ಹೇಮಾವತಿ ಹೋಗಿ ಕಾವೇರಿ ಸೇರ್ತದೆ, ಕಾವೇರಿ ಬಂಗಾಳ ಕೊಲ್ಲಿಗೆ ಹೋಯ್ತದೆ."

ಇನ್ಸ್‌ಪೆಕ್ಟರು ನಕ್ಕುಬಿಟ್ಟರು. "ಬಸ್ಸು ಓಡ್ಲಿ ಮೇಷ್ಟ್ರೇ. ಮುಂದಿನ ಸಲ ನಾನು ಡ್ರೈವರ್ ಸೀಟಲ್ಲಿ ಕೂರ್ತೀನಿ. ಡ್ರೈವರಿಗೆ ಪ್ರಶ್ನೆ ಇಲ್ಲ ತಾನೇ?"

"ಐತೆ ಸಾ," ಅಂದಳು ಹುಡುಗಿ. "ಡ್ರೈವರ್ ತಪ್ಪು ಹೇಳಿದ್ರೆ ಬಸ್ಸು ಹಳ್ಳಕ್ಕೆ ಉರುಳ್ಬುಡ್ತದೆ. ನಮ್ ಮೇಷ್ಟ್ರು ರಜ ಹಾಕಿದ್ ದಿನ ಹೆಡ್ ಮೇಷ್ಟ್ರು ಎರಡ್ ಸಲ ಉರುಳಿಸ್ಬುಟ್ರು!"