ಸೊನ್ನೆ ಮಿಲಿಮೀಟರ್ ಮೇಲೊಂದು ಸಂಶಯ

ಸರಕಾರಿ ಕಚೇರಿಯಲ್ಲಿ ಒಬ್ಬನೇ ಕೂತವನನ್ನು ನಗೆಯ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಕಷ್ಟವೆಂದರೆ, ಬಂದಾಗ ಜತೆಗೆ ಕೂತು ನಗಲು ಇನ್ನೊಬ್ಬರು ಇರುವುದಿಲ್ಲ. ಅದಕ್ಕೇ ಇವನ್ನು ಬರೆದಿಡುತ್ತಿದ್ದೇನೆ.

ನಾನು ಆದವಾನಿಯವನೇ. ಹತ್ತಿ ಮಾರ್ಕೆಟ್ಟಿನ ಹಿಂದೆ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ ನನ್ನ ಕಚೇರಿ. ಒಂದು ಕೋಣೆ, ಎರಡು ಕುರ್ಚಿ, ಒಬ್ಬ ನಾನು. ಸುತ್ತಲಿನ ಊರುಗಳಲ್ಲಿ ನಮ್ಮ ಇಲಾಖೆ ಮಳೆಮಾಪಕ ಇಟ್ಟಿದೆ. ಅವನ್ನು ನೋಡಿಕೊಳ್ಳುವವರು ದಿನಾ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ಬಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನನ್ನ ಫೋನಿಗೆ ಕಳಿಸುತ್ತಾರೆ. ಅದು ನಿಜವೋ ಅಲ್ಲವೋ ನೋಡಿ ಹತ್ತು ಗಂಟೆಗೆ ಜನರಿಗೆ ಬಿಡುಗಡೆ ಮಾಡುವುದು ನನ್ನ ಕೆಲಸ. ಸಂಶಯ ಬಂದರೆ ಫೋನ್ ಮಾಡಿ ಕೇಳಬೇಕು. ಸಂಶಯ ನನಗೆ ಬಂದರೂ ಸರಿ, ಕಳಿಸಿದವರಿಗೇ ಬಂದರೂ ಸರಿ. ಅಕಸ್ಮಾತ್ ತಪ್ಪು ಅಂಕಿ ಹೊರಗೆ ಹೋದರೆ ತಿದ್ದಿ, ಕಾರಣ ಬರೆದು, ಮತ್ತೆ ಪ್ರಕಟಿಸಬೇಕು. ಇಷ್ಟೇ ನಿಯಮ.

ಆದರೆ ನಮ್ಮ ಕಡೆ ವರ್ಷದಲ್ಲಿ ಬಹಳಷ್ಟು ದಿನ ಸೊನ್ನೆಯೇ. ಸೊನ್ನೆಯ ಮೇಲೆ ಯಾರಿಗೆ ಸಂಶಯ ಬರುತ್ತದೆ? ಮನೆಯಲ್ಲೂ ಮಾತಾಡುವವರಿಲ್ಲ. ಮೊದಲು ಜಾತಕ ಸರಿಬರದೆ, ಆಮೇಲೆ ವಯಸ್ಸು ಮೀರಿ, ನನಗೆ ಮದುವೆಯಾಗಲಿಲ್ಲ. ಹೀಗಾಗಿ ಎಷ್ಟೋ ಸಲ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ಬಂಡಿಯವನಿಗೆ ‘ಒಂದು ಪ್ಲೇಟ್ ಉಗ್ಗಾಣಿ’ ಅಂದದ್ದೇ ಆ ದಿನದ ನನ್ನ ಕೊನೆಯ ಮಾತಾಗಿರುತ್ತದೆ.

ಶುಭಕ್ಕೆ ಒಂದು

ಊರ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ನಮ್ಮದೊಂದು ಮಾಪಕವಿದೆ. ನೋಡಿಕೊಳ್ಳುವವರು ಆ ಮಿಲ್ಲಿನ ಹಳೇ ಗುಮಾಸ್ತರು. ಹಣೆಯ ತುಂಬ ವಿಭೂತಿ, ಮುತ್ತಿನಂಥ ಅಕ್ಷರ, ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಒಂದು ಮಳೆಗಾಲ ಅವರ ಅಂಕಿಗಳನ್ನೆಲ್ಲ ಸಾಲಾಗಿ ಬರೆದು ನೋಡಿದಾಗ ನನ್ನ ತಲೆ ತಿರುಗಿತು. 5.1, 12.1, 20.1, 8.1. ಮಳೆಯೇ ಇಲ್ಲದ ದಿನ 0.1. ಜಗತ್ತಿನ ಯಾವ ಮೋಡವೂ ಇಷ್ಟು ಶಿಸ್ತಿನಿಂದ ಸುರಿಯುವುದಿಲ್ಲ.

ಗಾಜು ಒಡೆದಿರಬೇಕೆಂದುಕೊಂಡು ಆಟೋ ಹತ್ತಿ ಹೋದೆ. ಗಾಜು ಸರಿಯಾಗಿತ್ತು.

"ಗುಮಾಸ್ತರ, ಎಲ್ಲಾ ಅಂಕಿ ಒಂದಕ್ಕ ಮುಗಿತಾವಲ್ರಿ, ಹೆಂಗ?" ಎಂದು ಕೇಳಿದೆ.

ಅವರಿಗೆ ನನ್ನ ದಡ್ಡತನ ಕಂಡು ಆಶ್ಚರ್ಯವಾಯಿತು. "ಒಂದು ನಾನ ಹಾಕ್ತೀನ್ರಿ ಸಾರ್. ಸೊನ್ನಿಗೆ ಮುಗಿಸಿದ್ರ ಚಲೋ ಅಲ್ಲ. ಮದುವಿಗೆ ಮುಯ್ಯಿ ಮಾಡ್ತೀವಿ, ನೂರಾ ಒಂದು ಮಾಡ್ತೀವಿ. ಬರೇ ನೂರು ಮಾಡ್ತೀವೇನು?"

"ಇದು ಮುಯ್ಯಿ ಅಲ್ರಿ, ಮಳಿ."

"ಮಳಿನೂ ಶಿವ ಮಾಡಿದ ಮುಯ್ಯೀನ ಅಲ್ಲೇನ್ರಿ?"

ಶಿವ ಎಷ್ಟು ಕೊಟ್ಟನೋ ಅಷ್ಟನ್ನೇ ಬರೆಯುವುದು ಮರ್ಯಾದೆ, ನಾವು ಮೇಲೆ ಸೇರಿಸಿದರೆ ಅವನಿಗೇ ಕಲಿಸಿದಂತಾಗುತ್ತದೆ ಎಂದೆಲ್ಲ ಹೇಳಿ ಒಪ್ಪಿಸಿ ಬಂದೆ. ಹಳೆಯ ಅಂಕಿಗಳನ್ನೆಲ್ಲ ತಿದ್ದಿ, ಕಾರಣದ ಜಾಗದಲ್ಲಿ ‘ಶುಭ’ ಎಂದು ಬರೆಯಲಾಗದೆ ‘ವೀಕ್ಷಕರ ರೂಢಿ’ ಎಂದು ಬರೆದೆ.

ಮರುವಾರ ಒಂದು ಒಳ್ಳೆಯ ಮಳೆಯಾಯಿತು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅವರ ಮೆಸೇಜು ಬಂತು: "12.0. ಮ್ಯಾಲಿನ ಒಂದು ನೀವ ಹಾಕ್ಕೋರಿ."

ತಿದ್ದುಪಡಿಯ ಅರ್ಜಿ

ನಮ್ಮ ಮಾಹಿತಿಯಲ್ಲಿ ತಪ್ಪು ಕಂಡವರು ಯಾರೇ ಆಗಲಿ ತಿದ್ದುಪಡಿಗೆ ಅರ್ಜಿ ಕೊಡಬಹುದು. ಕಚೇರಿಯ ಬಾಗಿಲಲ್ಲೇ ಹಾಗೆಂದು ಬೋರ್ಡು ಹಾಕಿದ್ದೇನೆ. ಖಾಲಿ ಅರ್ಜಿಗಳ ಕಟ್ಟು ಬಂದು ವರ್ಷಗಳಾದವು. ಮೇಲಿನ ಹಾಳೆ ಬಿಸಿಲಿಗೆ ಹಳದಿಯಾಗಿತ್ತು. ಬರೆದವರು ಮಾತ್ರ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಎಮ್ಮಿಗನೂರಿನಿಂದ ಒಬ್ಬ ನೇಕಾರ ಬಸ್ಸು ಹಿಡಿದು ಬಂದ. "ತಪ್ಪು ತಿದ್ದೋ ಆಫೀಸ್ ಇದೇನ್ರಿ?" ಎಂದು ಕೇಳಿದ. ಎರಡನೇ ಕುರ್ಚಿಯ ಧೂಳು ಒರೆಸಿ ಕೂಡಿಸಿದೆ, ಚಹಾ ತರಿಸಿದೆ.

ಸಂಗತಿ ಇಷ್ಟು. ಒಂದು ದಿನ ಅವನು ಓಣಿಯಲ್ಲಿ ನೂಲು ಹಾಸಿ ಗಂಜಿ ಹಾಕಿದ್ದ. ಒಂದು ಮೋಡ ಬಂದು, ಸರಿಯಾಗಿ ಆ ಓಣಿಯ ಮೇಲೆ ನಿಂತು, ಸುರಿದು ಹೋಯಿತು. ಗಂಜಿಯೆಲ್ಲ ತೊಳೆದುಹೋಯಿತು. ಹೆಂಡತಿ ಆ ದಿನ ತವರಿನಲ್ಲಿದ್ದಳು. ವಾಪಸು ಬಂದು ಫೋನಿನಲ್ಲಿ ನಮ್ಮ ಮಾಹಿತಿ ತೆಗೆದು ನೋಡಿದರೆ, ಎಮ್ಮಿಗನೂರು: ಸೊನ್ನೆ.

"ಸರಕಾರನ ಮಳಿ ಬಂದಿಲ್ಲ ಅಂತೈತಿ, ನೀನ ಕುಡುದು ಬಂದು ನೀರಿನ ಕೊಡ ಎಡವಿದಿ ಅಂತಾಳ್ರಿ. ನಾಕು ದಿನ ಆತು, ಮಾತಿಲ್ಲ ಕತಿಯಿಲ್ಲ. ಅದನ್ನ ತಿದ್ದಿ ಕೊಡ್ರಿ ಸಾರ್, ಮನಿಗೆ ಹೋಗ್ತೀನಿ."

ನಮ್ಮ ಮಾಪಕ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿ ಹನಿ ಬಿದ್ದಿರಲಿಲ್ಲ. ಹಾಗಾಗಿ ಅಂಕಿ ಸರಿಯೇ. ಅವನ ಮುಖ ನೋಡಿ ಕನಿಕರವಾದರೂ ಸರಿಯಾದ ಅಂಕಿಯನ್ನು ತಪ್ಪು ಎನ್ನಲು ನನ್ನಿಂದಾಗಲಿಲ್ಲ.

"ನಿಮ್ಮ ಓಣಿಯಾಗ ಬಂದಿದ್ದು ನಾ ನೋಡಿಲ್ಲಪಾ" ಎಂದೆ.

"ಆಕಿನೂ ಹಿಂಗ ಅಂತಾಳ್ರಿ."

ಒಂದು ಗಂಟೆ ಕೂತು ಯೋಚಿಸಿ, ಕೊನೆಗೆ ಮೊಹರು ಹಾಕಿ ಒಂದು ಪತ್ರ ಕೊಟ್ಟೆ: ‘ಆ ದಿನ ಸದರಿ ಓಣಿಯಲ್ಲಿ ಮಳೆ ಬಂದಿರಲಿಲ್ಲವೆಂದು ಹೇಳಲು ಈ ಕಚೇರಿಯ ಬಳಿ ಯಾವ ಆಧಾರವೂ ಇರುವುದಿಲ್ಲ.’ ಅವನು ಅದನ್ನು ಮೂರು ಸಲ ಓದಿಕೊಂಡು, ಮಡಚಿ ಜೇಬಿಗೆ ಇಟ್ಟುಕೊಂಡು, ನಿಟ್ಟುಸಿರು ಬಿಟ್ಟ.

"ಇದನ್ನ ಓದಿದ್ರ ಆಕಿ ನನ್ನ ಜೋಡಿ ನಿಮ್ಮನ್ನೂ ಬೈತಾಳ್ರಿ ಸಾರ್."

ಬೈಯಲಿ ಎಂದೆ. ನನ್ನನ್ನು ಬೈಯುವವರು ಒಂದು ಮನೆಯಲ್ಲಾದರೂ ಇರಬೇಕಲ್ಲ.

ಓದುಗರ ಸಂಖ್ಯೆ

ನಮ್ಮ ಮಾಹಿತಿಯ ಪುಟವನ್ನು ಎಷ್ಟು ಜನ ನೋಡಿದರೆಂದು ಆ ಪುಟದ ಕೆಳಗೇ ತೋರಿಸುತ್ತದೆ. ಬೇಸಿಗೆಯಲ್ಲಿ ದಿನಾ ‘1’ ಎಂದಿರುತ್ತಿತ್ತು. ಯಾರೋ ಪುಣ್ಯಾತ್ಮ ತಪ್ಪದೆ ನೋಡುತ್ತಾನೆಂದು ನನಗೆ ಒಳಗೊಳಗೇ ಸಂತೋಷ. ಅವನಿಗಾಗಿಯೇ ಅಕ್ಷರ ದೊಡ್ಡದು ಮಾಡಿಸಿದೆ. ಆಮೇಲೆ ಗೊತ್ತಾಯಿತು, ಪ್ರಕಟವಾಗಿದೆಯೋ ಇಲ್ಲವೋ ಎಂದು ನೋಡಲು ನಾನು ತೆರೆಯುತ್ತೇನಲ್ಲ, ಆ ಒಂದು ನಾನೇ.

ಒಂದು ದಿನ ‘2’ ಎಂದು ಬಂತು. ಕುಣಿಯುವುದೊಂದು ಬಾಕಿ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು, ಮಧ್ಯಾಹ್ನ ನನ್ನ ಫೋನಿನಲ್ಲೂ ಒಮ್ಮೆ ತೆರೆದಿದ್ದೆ.

ಬಂಗ್ಲೆಯ ಮಳೆ

ದೇವನಕೊಂಡದ ಹೊರಗೆ ಒಂದು ಸರಕಾರಿ ಬಂಗ್ಲೆಯಿದೆ. ಹಿಂದೆ ತಿರುಗಾಟಕ್ಕೆ ಬಂದ ಅಧಿಕಾರಿಗಳು ಅಲ್ಲಿ ಉಳಿಯುತ್ತಿದ್ದರು. ಈಗ ಎಲ್ಲರೂ ಕಾರಿನಲ್ಲಿ ಬಂದು ಸಂಜೆಯೊಳಗೆ ವಾಪಸು ಹೋಗುತ್ತಾರೆ. ಆದರೂ ಅದಕ್ಕೊಬ್ಬ ವಾಚ್‌ಮನ್ ಇದ್ದಾನೆ, ನನ್ನದೇ ವಯಸ್ಸಿನವನು. ಹೆಂಡತಿ ಈಗಿಲ್ಲ, ಮಕ್ಕಳಾಗಲಿಲ್ಲ. ಯಾರೂ ಮಲಗದ ದಿಂಬಿನ ಕವರುಗಳನ್ನು ಪ್ರತಿ ಸೋಮವಾರ ಬದಲಿಸುತ್ತಾನೆ. ಬಂಗ್ಲೆಯ ಅಂಗಳದ ಮಳೆಮಾಪಕವೂ ಅವನದೇ ಸುಪರ್ದಿ.

ಅವನ ಅಂಕಿಗಳು ಹೋದ ವರ್ಷ ಕೆಡತೊಡಗಿದವು. ಸುತ್ತಲಿನ ಊರುಗಳಲ್ಲೆಲ್ಲ ಸೊನ್ನೆ, ಆಕಾಶದಲ್ಲಿ ಮೋಡವಿಲ್ಲ, ಇವನಿಂದ ಮಾತ್ರ ‘3.5’. ನಾನು ಫೋನ್ ಮಾಡುತ್ತಿದ್ದೆ.

"ಏನಪಾ, ಮಳಿ ಬಂತೇನು?"

"ಬಂದಂಗಿತ್ರಿ ಸಾರ್. ನಾಷ್ಟಾ ಆತಾ?"

"ಆತು, ಉಗ್ಗಾಣಿ. ಗಾಜು ಸರಿಯಾಗಿ ನೋಡಿದ್ಯಾ?"

"ಉಗ್ಗಾಣಿಗೆ ಮಿರ್ಚಿ ತಗೊಂಡ್ರೋ ಇಲ್ಲೋ?"

ಹೀಗೆ ಮಿರ್ಚಿಯಿಂದ ಹೊಟ್ಟೆಯುರಿಗೆ, ಹೊಟ್ಟೆಯುರಿಯಿಂದ ಮಜ್ಜಿಗೆಗೆ ಹೋಗಿ, ಹತ್ತು ನಿಮಿಷದ ಮೇಲೆ ಅವನೇ "ಸರೇ ಸಾರ್, ಸೊನ್ನಿ ಹಾಕಿಬಿಡ್ರಿ" ಎನ್ನುತ್ತಿದ್ದ. ನಾನು ತಿದ್ದಿ ಸೊನ್ನೆ ಹಾಕುತ್ತಿದ್ದೆ. ಕೆಲಸ ಹೆಚ್ಚಾಯಿತೆಂದು ಗೊಣಗಿದರೂ, ಆ ದಿನಗಳಲ್ಲಿ ಊಟ ಸ್ವಲ್ಪ ರುಚಿಯಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಮ್ಮೆ ನನಗೆ ಜ್ವರ ಬಂತು. ಬದಲಿಗೆ ಬಂದವರು ಕೇಳದೆ ನೋಡದೆ ಅವನ ‘5’ ಅನ್ನು ಹಾಗೇ ಬಿಡುಗಡೆ ಮಾಡಿಬಿಟ್ಟರು. ಮರುದಿನ ಕಚೇರಿಗೆ ಬಂದು ಕೂತದ್ದೇ ತಡ, ದೇವನಕೊಂಡದ ಚಹಾದಂಗಡಿಯಿಂದ ಯಾರೋ ಫೋನ್ ಮಾಡಿದರು. "ಸಾರ್, ನಮ್ಮೂರಾಗ ನಿನ್ನಿ ಐದು ಮಿಲಿಮೀಟರ್ ಮಳಿ ಆಗೈತಂತ. ಯಾ ಓಣಿಯಾಗಂತ ಹೇಳ್ರಿ, ನಾವೂ ಹೋಗಿ ನೋಡಿ ಬರ್ತೀವಿ." ಹಿಂದೆ ಹತ್ತು ಜನ ನಗುವುದು ಕೇಳಿಸಿತು.

ನನಗೆ ಸಿಟ್ಟು ನೆತ್ತಿಗೇರಿತು. ಗುಮಾಸ್ತರ ಶುಭದ ಒಂದನ್ನು ಬಿಟ್ಟರೆ ನನ್ನ ಕಾಲದಲ್ಲಿ ಒಂದು ಸುಳ್ಳು ಅಂಕಿಯೂ ಹೊರಗೆ ಹೋಗಿರಲಿಲ್ಲ. ಹೆಮ್ಮೆಯಿಂದ ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ. ತಿದ್ದುಪಡಿ ಪ್ರಕಟಿಸಿ, ತಪಾಸಣೆಗೆ ಬರುತ್ತೇನೆಂದು ಅವನಿಗೆ ತಿಳಿಸಿ, ನಾನೇ ಬಸ್ಸು ಹತ್ತಿದೆ.

ಮಾಪಕ ಪೂಜೆಯ ತಂಬಿಗೆಯಂತೆ ಬೆಳಗಿತ್ತು. ಸೋರಿಕೆಯಿಲ್ಲ, ಮೇಲೆ ಮರದ ಕೊಂಬೆಯಿಲ್ಲ. ಒಳಗೆ ಮೇಜಿನ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಎರಡು ತಟ್ಟೆ. ನಾನು ಊಟಕ್ಕೆ ಕೂಡದೆ ಅವನ ನೋಟ್‌ಬುಕ್ ಕೇಳಿದೆ. ತೆರೆದರೆ, ನನಗೆ 3.5, 4, 5 ಎಂದು ಕಳಿಸಿದ ದಿನಗಳಲ್ಲೆಲ್ಲ ಅದರಲ್ಲಿ ದುಂಡಗೆ ಸೊನ್ನೆ ಬರೆದಿತ್ತು.

"ಸೊನ್ನಿ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ರಿ."

"ಮತ್ಯಾಕ ಸುಳ್ಳು ಕಳಿಸ್ದಿ?"

ಅವನು ತಟ್ಟೆ ನೋಡುತ್ತ ನಿಂತ. "ಸೊನ್ನಿ ಕಳ್ಸಿದ್ರ ನೀವು ಫೋನ್ ಮಾಡಂಗಿಲ್ಲಲ್ರಿ ಸಾರ್."

ಅವನು ತಾನಾಗಿಯೇ ವಿವರಿಸಿದ. "ಎರಡು ಕಳ್ಸಿದ್ರ ಎರಡು ಮಾತಿನಾಗ ಫೋನ್ ಇಡ್ತೀರಿ. ಐದು ಕಳ್ಸಿದ್ರ ಮೋಡ ಹೆಂಗಿತ್ತು, ಗಾಳಿ ಯಾ ಕಡಿ, ಎಲ್ಲಾ ಕೇಳ್ತೀರಿ. ಹತ್ತಕ್ಕ ಮಾತ್ರ ನಾ ಹೋಗಲಿಲ್ರಿ. ಸರಕಾರದ ಲೆಕ್ಕ ಕೆಡಬಾರದು ನೋಡ್ರಿ."

ಊಟ ಮಾಡಿದೆ. ಪುಂಡಿಪಲ್ಯ ಚೆನ್ನಾಗಿತ್ತು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ವರದಿಯ ಹಾಳೆ ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಕೈ ಓಡಲಿಲ್ಲ. ‘ಬೇಕೆಂದೇ ಸುಳ್ಳು’ ಎಂದು ಬರೆದರೆ ಮಾಪಕವನ್ನು ಕಿತ್ತು ಬೇರೆಯವರಿಗೆ ಕೊಡುತ್ತಾರೆ. ಅವನಿಗೆ ಉಳಿಯುವುದು ದಿಂಬಿನ ಕವರುಗಳು, ನನಗೆ ಉಳಿಯುವುದು ಉಗ್ಗಾಣಿ ಬಂಡಿಯವನು. ‘ಮಾಪಕದ ದೋಷ’ ಎಂದು ಬರೆದರೆ ಸುಳ್ಳನ್ನು ತಿದ್ದಲು ಹೋದವನು ನಾನೇ ಸುಳ್ಳು ಬರೆದಂತೆ. ಹಾಳೆಯಲ್ಲಿ ಕಾರಣಗಳ ಪಟ್ಟಿ ಅಚ್ಚಾಗಿರುತ್ತದೆ: ಮಾಪಕ, ಗಾಜು, ಬರವಣಿಗೆ, ಫೋನು. ಕೊನೆಯಲ್ಲಿ ‘ಇತರೆ’. ಆದವಾನಿಯ ಬಸ್‌ಸ್ಟ್ಯಾಂಡ್ ಬರುವ ಹೊತ್ತಿಗೆ ‘ಇತರೆ’ಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: ‘ವೀಕ್ಷಕರಿಗೆ ಮಾತಾಡಲು ಬೇರೆ ಯಾರೂ ಇಲ್ಲ.’

ಆಮೇಲೆ ಮೂರು ವಾರ ನನಗೆ ಸರಿಯಾಗಿ ನಿದ್ದೆಯಿಲ್ಲ. ಅವನಿಂದ ದಿನಾ ನಿಜವಾದ ಸೊನ್ನೆ ಬರುತ್ತಿತ್ತು. ಅಷ್ಟು ಒಳ್ಳೆಯ ಮಾಹಿತಿ ನನಗೆ ಅಷ್ಟು ಬೇಸರ ತರಿಸಿದ್ದು ಅದೇ ಮೊದಲು. ಕೊನೆಗೆ ಮೇಲಿನ ಕಚೇರಿಯಿಂದ ಆದೇಶ ಬಂತು: ‘ಸೂಚಿಸಿದ ಕಾರಣವು ಇಲಾಖೆಯ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಸದರಿ ವೀಕ್ಷಕರನ್ನು ಮೂರು ತಿಂಗಳು ನಿಗಾದಲ್ಲಿ ಇಡತಕ್ಕದ್ದು. ಅಲ್ಲಿಯವರೆಗೆ ಅಧಿಕಾರಿಯು ಪ್ರತಿದಿನ ತಪ್ಪದೆ ದೂರವಾಣಿ ಮೂಲಕ ವಿಚಾರಿಸತಕ್ಕದ್ದು.’

ನಾನು ಆದೇಶವನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ.

"ದಿನಾ ಮಾಡ್ತೀರಿ?"

"ಮಾಡಬೇಕು. ಆರ್ಡರ್ ಐತಿ."

"ಇದು ಶಿಕ್ಷಾ ಏನ್ರಿ ಸಾರ್?"

"ಶಿಕ್ಷಾನ."

"ಯಾರಿಗ್ರಿ?"

ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಸೊನ್ನೆಯನ್ನು ವಿಚಾರಿಸಲು ಅರ್ಧ ನಿಮಿಷ, ಉಳಿದದ್ದು ಅವನ ಮೊಣಕಾಲು ನೋವು, ನನ್ನ ರಕ್ತದೊತ್ತಡ, ಬಂಗ್ಲೆಯ ಬಾಗಿಲಿಗೆ ಬಂದು ಮಲಗುವ ನಾಯಿ. ಅವನ ಒಂದು ಅಂಕಿಯೂ ತಪ್ಪಲಿಲ್ಲ. ಕೊನೆಯ ದಿನ ನಾನೇ ಹೇಳಿದೆ, "ನಿಗಾ ಮುಗೀತಪಾ. ನಾಳಿಯಿಂದ ಫೋನ್ ಮಾಡಂಗಿಲ್ಲ. ಸುಳ್ಳು ಮಾತ್ರ ಕಳಿಸಬ್ಯಾಡ." ಅವನು "ಕಳ್ಸಂಗಿಲ್ರಿ ಸಾರ್, ಮಾತು ಕೊಟ್ಟೀನಿ" ಅಂದ.

ಮರುದಿನ ಎಂಟೂವರೆ. ಕಿಟಕಿಯ ಹೊರಗೆ ಆಗಲೇ ಕಣ್ಣು ಕುಕ್ಕುವ ಬಿಸಿಲು. ಅವನ ಮೆಸೇಜು ಬಂತು: ‘0’. ಆಕಾಶದಲ್ಲಿ ಮೋಡವಿಲ್ಲ, ಅಂಕಿಯಲ್ಲಿ ತಪ್ಪಿಲ್ಲ. ನಾನು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ. ಎದುರಿನ ಖಾಲಿ ಕುರ್ಚಿ ನೋಡುತ್ತ ಕೂತೆ.

ಐದು ನಿಮಿಷದ ಮೇಲೆ ಫೋನು ಮತ್ತೆ ಸದ್ದು ಮಾಡಿತು: "ಸೊನ್ನಿ ಖರೇನ ಐತ್ರಿ ಸಾರ್. ಆದ್ರೂ ನನಗೊಂದು ಸಂಶಯ ಐತಿ."

ಕಳಿಸಿದವರಿಗೇ ಸಂಶಯ ಬಂದರೂ ಫೋನ್ ಮಾಡಿ ಕೇಳಬೇಕು. ನಿಯಮ ನನ್ನದಲ್ಲ, ಸರಕಾರದ್ದು. ಒಂದೇ ರಿಂಗಿಗೆ ಎತ್ತಿದ.

"ಏನಪಾ ಸಂಶಯ?" ಎಂದು ಆದಷ್ಟು ಗಟ್ಟಿ ದನಿಯಲ್ಲಿ ಕೇಳಿದೆ.

"ನಿಮ್ಮ ನಾಷ್ಟಾ ಆತೋ ಇಲ್ಲೋ ಅಂತ್ರಿ ಸಾರ್."