ಚಾಡಿ ಹೇಳುವ ಸೆನ್ಸರ್

ಭೂಗೋಳದ ಮೇಷ್ಟ್ರ ಕಾರಿಗೆ ಬಿಕ್ಕಳಿಕೆ ಹತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮುನಿಸಿಕೊಂಡ ಅಳಿಯನಂತೆ ಎರಡು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತುಬಿಡುತ್ತಿತ್ತು. ಮೇಷ್ಟ್ರಿಗೆ ಇದರಿಂದ ಒಳಗೊಳಗೇ ಖುಷಿ. ಯಾಕೆಂದರೆ ಆ ಭಾನುವಾರ ಹೆಂಡತಿಯ ಸೋದರತ್ತೆಯ ಮನೆಗೆ ಹೋಗಬೇಕಿತ್ತು. ಆ ಅತ್ತೆಯ ಗಂಡ ತಮ್ಮ ಕಿಡ್ನಿಯಿಂದ ತೆಗೆದ ಕಲ್ಲನ್ನು ಶೀಶೆಯಲ್ಲಿಟ್ಟುಕೊಂಡು, ಅದು ಹುಟ್ಟಿ ಬೆಳೆದ ಕತೆಯನ್ನು ಊಟಕ್ಕೆ ಮುಂಚೆ ಒಮ್ಮೆ, ಊಟದ ನಡುವೆ ಇನ್ನೊಮ್ಮೆ ಹೇಳುವವರು.

“ಈ ಕಾರಲ್ಲಿ ಹೋಗೋದು ಕಷ್ಟ ಕಣೇ,” ಎಂದರು ಮೇಷ್ಟ್ರು.

“ನಿಧಾನಕ್ಕೆ ಹೋದ್ರಾಯ್ತು. ಬರ್ತೀವಿ ಅಂದ್ಮೇಲೆ ಹೋಗ್ಬೇಕಲ್ಲ,” ಎಂದಳು ಹೆಂಡತಿ, ತಲೆ ಬಾಚಿಕೊಳ್ಳುತ್ತಾ.

ಅರ್ಧ ಕೆಟ್ಟ ಕಾರಿನಿಂದ ಪ್ರಯೋಜನವಿಲ್ಲ, ಪೂರ್ತಿಯೇ ಕೆಡಬೇಕು ಎಂದು ಮೇಷ್ಟ್ರಿಗೆ ಹೊಳೆಯಿತು. ಮೆಲ್ಲಗೆ ಹೊರಗೆ ಬಂದು ಬಾನೆಟ್ ಎತ್ತಿದರು. ಇಂಜಿನ್ನಿಗೆ ಗಾಳಿ ಹೋಗುವ ದಪ್ಪ ಕೊಳವೆಯ ಮೇಲೆ ಒಂದು ವೈರಿನ ಪ್ಲಗ್ಗು ಕಂಡಿತು. ಅತ್ತಿತ್ತ ನೋಡಿ ಪಟ್ಟನೆ ಕಿತ್ತು, “ಸ್ಟಾರ್ಟ್ ಆಗುತ್ತೋ ಇಲ್ವೋ, ನೋಡೋಣ!” ಎಂದು ಒಳಗಿದ್ದವಳಿಗೆ ಕೇಳಿಸುವಂತೆ ಕೂಗಿ ಕೀಲಿ ತಿರುಗಿಸಿದರು.

ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಎಷ್ಟು ಒತ್ತಿದರೂ ಬಿಕ್ಕಳಿಕೆಯ ಸುಳಿವಿಲ್ಲ! ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು.

ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. “ಏನ್ ಮೇಷ್ಟ್ರೇ, ಸರಿಹೋಯ್ತಾ?”

ಅಷ್ಟರಲ್ಲಿ ಸ್ಟೀರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿತು. ಮೇಷ್ಟ್ರಿಗೆ ಹೋದ ಜೀವ ಬಂತು. “ಎಲ್ಲಿ ಡಾಕ್ಟ್ರೇ, ದೀಪ ಹತ್ತಿದೆ ನೋಡಿ! ಇನ್ನು ದೂರ ಓಡಿಸೋ ಹಾಗಿಲ್ಲ, ಅಲ್ವಾ?”

ಕೇಳಬಾರದವರನ್ನು ಕೇಳಿದ್ದರು. ಡಾಕ್ಟರು ಕಾರಿನ ದೋಷ ಓದುವ ಸ್ಕ್ಯಾನರ್ ಒಂದನ್ನು ಹೊಸದಾಗಿ ತರಿಸಿದ್ದರು. ದುರದೃಷ್ಟಕ್ಕೆ ಅವರ ಸ್ವಂತ ಕಾರು ಕೆಡುತ್ತಲೇ ಇರಲಿಲ್ಲ. ಓಡಿಹೋಗಿ ತಂದು ಮೇಷ್ಟ್ರ ಕಾರಿಗೆ ಸಿಕ್ಕಿಸಿ, ಬಾನೆಟ್ಟಿನೊಳಗೆ ಜೋತಾಡುತ್ತಿದ್ದ ಪ್ಲಗ್ಗನ್ನೂ ನೋಡಿದರು.

“ಏರ್‌ಫ್ಲೋ ಸೆನ್ಸರ್! ಎಷ್ಟು ಗಾಳಿ ಒಳಗೆ ಹೋಗ್ತಿದೆ ಅಂತ ಇಂಜಿನ್ನಿಗೆ ಹೇಳೋದು ಇದರ ಕೆಲಸ. ಕೊಳೆ ಕೂತ್ರೆ ಸುಳ್ಳು ಚಾಡಿ ಹೇಳುತ್ತೆ. ಇಂಜಿನ್ನು ಅದನ್ನ ನಂಬಿ ಪೆಟ್ರೋಲ್ ಹೆಚ್ಚುಕಮ್ಮಿ ಕುಡಿದು ಬಿಕ್ಕುತ್ತೆ. ಪ್ಲಗ್ ಕಿತ್ರೆ ಚಾಡಿಕೋರನ ಬಾಯಿ ಕಟ್ಟಿದ ಹಾಗೆ, ಇಂಜಿನ್ನು ತನ್ನ ಅಂದಾಜಲ್ಲೇ ನೆಟ್ಟಗೆ ಓಡುತ್ತೆ. ಅದನ್ನೇ ಪರೀಕ್ಷೆ ಮಾಡಿದ್ರಾ? ಭಲೇ ತಲೆ ಮೇಷ್ಟ್ರೇ ನಿಮ್ದು!”

ಮೇಷ್ಟ್ರಿಗೆ ಹೂಂ ಎನ್ನದೆ ಬೇರೆ ದಾರಿ ಇರಲಿಲ್ಲ.

ಎದುರುಮನೆಯ ಟೈಲರ್ ಕೂಡ ಬಂದು ಸೇರಿಕೊಂಡರು. ಡಾಕ್ಟರು ಸೆನ್ಸರನ್ನು ಬಿಚ್ಚಿ ನೋಡಿದರೆ ಅದರೊಳಗಿನ ಕೂದಲೆಳೆಯಂಥ ತಂತಿಗೆ ಕೊಳೆ ಮೆತ್ತಿತ್ತು. “ಕೊಡಿ, ಸೂಜೀಲಿ ಕೆರೆದ್ಬಿಡ್ತೀನಿ,” ಎಂದರು ಟೈಲರ್. ‘ಕೆರೆಯಲಿ ದೇವರೇ, ಕಿತ್ತೇ ಬರಲಿ’ ಎಂದು ಮೇಷ್ಟ್ರು ಕಣ್ಣುಮುಚ್ಚಿ ಬೇಡಿಕೊಂಡರು. “ಮುಟ್ಬೇಡಿ!” ಎಂದು ಡಾಕ್ಟರು ಚೀರಿ, ಅದಕ್ಕೆಂದೇ ಇದ್ದ ಸ್ಪ್ರೇ ಹೊಡೆದು ಒಣಗಲು ಬಿಟ್ಟು, ಮತ್ತೆ ಕೂರಿಸಿ, ಪ್ಲಗ್ಗು ಸಿಕ್ಕಿಸಿ, ಹಳದಿ ದೀಪವನ್ನೂ ಆರಿಸಿಕೊಟ್ಟರು. ಹಾಳಾದ ಕಾರು ಈಗ ಹಾಡುತ್ತಿತ್ತು. ಡಾಕ್ಟರು, ಟೈಲರ್ ಇಬ್ಬರೂ ನಿಂತು ಗಂಡಹೆಂಡತಿಯನ್ನು ಕೈಬೀಸಿ ಬೀಳ್ಕೊಟ್ಟರು.

ಕಾರು ಊರು ದಾಟಿತು. ಹೆಂಡತಿ ನಿಟ್ಟುಸಿರುಬಿಟ್ಟಳು. “ಅಲ್ಲಾರೀ, ಇವತ್ತೇ ಇದನ್ನ ರಿಪೇರಿ ಮಾಡ್ಬೇಕಿತ್ತಾ?”

“ಅಂದ್ರೆ?”

“ನನಗೂ ಹೋಗೋಕೆ ಮನಸ್ಸಿರ್ಲಿಲ್ಲ. ಹೊಸಲು ದಾಟೋದ್ರೊಳಗೆ ‘ದಪ್ಪ ಆಗಿದೀಯ’ ಅಂತ ಅತ್ತೆ ಶುರು ಮಾಡ್ತಾರೆ. ನನ್ನ ಕಡೆಯವರು, ನಾನೇ ಬೇಡ ಅಂದ್ರೆ ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ. ನೀವು ಇನ್ನೊಂದ್ಸಲ ಕಷ್ಟ ಅಂದಿದ್ರೆ ಒಪ್ಕೋತಿದ್ದೆ!”

ಮೇಷ್ಟ್ರು ಗಕ್ಕನೆ ಬ್ರೇಕ್ ಹಾಕಿದರು. ಪ್ಲಗ್ಗು ಕಿತ್ತ ಗುಟ್ಟನ್ನು ಹೇಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾರು ಮನೆಯ ಕಡೆ ತಿರುಗಿತು. ಹೆಂಡತಿ ದನಿಯಲ್ಲಿ ದುಃಖ ತುಂಬಿಕೊಂಡು ಫೋನ್ ಮಾಡಿದಳು: “ಅತ್ತೆ, ಕಾರು ಕೆಟ್ಟುಹೋಯ್ತು, ಬರೋಕಾಗ್ತಿಲ್ಲ...” ಕೇಳುತ್ತಾ ಕೇಳುತ್ತಾ ಅವಳ ದುಃಖ ನಿಜವಾಗತೊಡಗಿತು.

“ಏನಂತೆ?”

“ಬೇಜಾರು ಮಾಡ್ಕೋಬೇಡಿ, ನಾವೇ ಸಂಜೆ ಬಸ್ಸಿಗೆ ಬರ್ತೀವಿ, ಒಂದು ವಾರ ಇದ್ದು ಹೋಗ್ತೀವಿ ಅಂತೆ.”

“ಅಯ್ಯಯ್ಯೋ! ಕಾರು ಸರಿಹೋಯ್ತು ಅನ್ನೇ, ಬೇಗ!”

ಅವಳು ಮತ್ತೆ ಫೋನ್ ಮಾಡಿ ಹೇಳಿದಳು, ಕೇಳಿಸಿಕೊಂಡಳು, ಮೆಲ್ಲಗೆ ಗಂಡನ ಕಡೆ ತಿರುಗಿದಳು.

“ಗಾಡಿ ತಿರುಗಿಸಿ. ‘ಒಳ್ಳೇದೇ ಆಯ್ತು, ಬಟ್ಟೆಬರೆ ತುಂಬ್ಕೊಂಡಾಯ್ತು, ಬಸ್ಸು ಯಾಕೆ, ನೀವೇ ಬಂದು ಕರ್ಕೊಂಡ್ಹೋಗಿ’ ಅಂದ್ರು.”